ಹಿನ್ನೀರಿನ ನಡುವೆ ಗಾಳಿ ಎದ್ದಾಗ

ಮೇ ಮೊದಲ ವಾರ ಸಾಗರದ ಕಡೆ ಹೋಗುತ್ತಿದ್ದೇವೆ, ಶರಾವತಿ ಹಿನ್ನೀರಿನಲ್ಲಿ ದೋಣಿಯಲ್ಲಿ ಸುತ್ತುವ ಆಸೆಯಿದೆ, ಜೊತೆಗೆ ಆರು ವರ್ಷದ ಮಗಳಿದ್ದಾಳೆ, ನಡುನೀರಿನಲ್ಲಿದ್ದಾಗ ಒಮ್ಮೆಲೇ ಬಿರುಗಾಳಿ ಎದ್ದರೆ ಏನು ಮಾಡಬೇಕು, ಯಾರಿಗಾದರೂ ಅನುಭವವಿದೆಯೇ ಎಂದು ಕೇಳಿದ್ದೀರಿ. ನನಗಿದೆ. ಅದೇ ನೀರಿನಲ್ಲಿ, ಹೆಚ್ಚುಕಡಿಮೆ ಅದೇ ವಾರದಲ್ಲಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಜ್ಜನ ಮನೆ ಹೊಳೆಯಾಚೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿಂದೆ ನಿಂತ ನೀರು ಸಮುದ್ರದಂತೆ ಹರಡಿಕೊಂಡಿದ್ದರೂ ನಮ್ಮ ಮನೆಯವರು ಇಂದಿಗೂ ಅದನ್ನು ಹೊಳೆ ಎಂದೇ ಕರೆಯುತ್ತಾರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಸಿಗಂದೂರಿಗೆ ಹೋಗುವ ಭಕ್ತರಿಗೂ ತುಮರಿ ಕಡೆಯ ಜನಕ್ಕೂ ಲಾಂಚೇ ಗತಿ. ಲಾಂಚು ದೂರವಾಗುವ ಮನೆಗಳವರು ಊರಿನ ದೋಣಿಗಳನ್ನು ನಂಬಿಕೊಂಡಿದ್ದರು. ನಾವು ಸಿಕ್ಕಿಕೊಂಡದ್ದು ಅಂಥದೊಂದು ಮೋಟಾರು ದೋಣಿಯಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆದಿದೆ.

ಭರಣಿ ಮಳೆಯ ದಿನಗಳು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದರು. ಆದರೆ ಆ ಮಳೆ ಮುಂಗಾರಿನ ಹಾಗೆ ಜಡಿ ಹಿಡಿದು ಸುರಿಯುವಂಥದ್ದಲ್ಲ, ಗುಡುಗು ಸಿಡಿಲಿನೊಂದಿಗೆ ಮೈಮೇಲೆ ಬೀಳುವಂಥದ್ದು. ಅಂದು ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಸಾಗರದಲ್ಲಿ ಕೆಲಸ ಮುಗಿಸಿ ನಾವು ಒಂಬತ್ತು ಜನ, ಎರಡು ಚೀಲ ಹಿಂಡಿ, ನನ್ನ ತಂಗಿಯ ಶಾಲೆಯ ಚೀಲ, ಇಷ್ಟನ್ನು ಹೊತ್ತ ದೋಣಿ ದಡ ಬಿಟ್ಟಾಗ ಮೂರೂವರೆ ಗಂಟೆ ದಾಟಿತ್ತು. ಚುಕ್ಕಾಣಿ ಹಿಡಿದದ್ದು ನನ್ನ ಸೋದರಮಾವ. ಬಿಸಿಲಿಗೆಂದು ನಾಲ್ಕು ಬಿದಿರು ನಿಲ್ಲಿಸಿ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರು.

ಅರ್ಧ ದಾರಿಯಲ್ಲಿ ಗಾಳಿ ಬಿದ್ದುಹೋಯಿತು. ನೀರು ಎಣ್ಣೆ ಸುರಿದಂತೆ ನುಣುಪಾಯಿತು. ನಮಗೆಲ್ಲ ಅದು ಚಂದವೆನಿಸಿತು. ಮಾವ ಮಾತ್ರ ಮಾತು ನಿಲ್ಲಿಸಿ ಮೂಡು ದಿಕ್ಕಿಗೆ ನೋಡತೊಡಗಿದರು. ಅಲ್ಲಿ ಗುಡ್ಡದ ಹಿಂದಿನಿಂದ ಹಿಟ್ಟಿನ ಮೂಟೆಗಳನ್ನು ಪೇರಿಸಿದಂತೆ ಬಿಳಿ ಮೋಡ ಎದ್ದಿತ್ತು, ಬುಡವೆಲ್ಲ ಕಪ್ಪು. ಒಂದು ಗುಡುಗು ಕೇಳಿಸಿತು, ತುಂಬ ದೂರದ್ದು. ಆಮೇಲೆ ತಣ್ಣನೆಯ ಒಂದು ಸುಳಿ ಕುತ್ತಿಗೆಗೆ ತಾಗಿತು, ಅದರ ಜೊತೆ ಹಸಿ ಮಣ್ಣಿನ ವಾಸನೆ. ನಾವಿದ್ದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಆ ತಣ್ಣನೆಯ ಗಾಳಿ ಏನೆಂದು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ನಂತರ. ಮೋಡದೊಳಗೆ ಮಳೆ ಸುರಿಯತೊಡಗಿದಾಗ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿಯುತ್ತದೆ. ಅಂಗಳಕ್ಕೆ ಕೊಡದ ನೀರು ಚೆಲ್ಲಿದರೆ ಹೇಗೆ ನಾಲ್ಕೂ ದಿಕ್ಕಿಗೆ ಹರಡುತ್ತದೆಯೋ ಹಾಗೆ ಅದು ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ, ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ. ಹಾಗಾಗಿ ಮಳೆ ಶುರುವಾದ ಮೇಲೆ ದಡಕ್ಕೆ ಹೋದರಾಯಿತು ಎಂದುಕೊಂಡವರು ಗಾಳಿಗೆ ಸಿಕ್ಕಿಬೀಳುತ್ತಾರೆ. ನೆಲದ ಮೇಲಾದರೆ ಕಾಡು, ಮನೆ, ಬೇಲಿ ಏನಾದರೂ ಅದನ್ನು ತಡೆಯುತ್ತವೆ. ನೀರಿನ ಮೇಲೆ ತಡೆಯಲು ಏನೂ ಇಲ್ಲ. ಗಾಳಿಯ ವೇಗ ಮೂರು ಪಟ್ಟಾದರೆ ಅದರ ಒತ್ತಡ ಒಂಬತ್ತು ಪಟ್ಟಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಿ, ಸಂಜೆಯ ತಂಗಾಳಿಗೂ ಇದಕ್ಕೂ ಇರುವ ಅಂತರ ಆಗ ಅರ್ಥವಾಗುತ್ತದೆ.

ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಕಾಣಿಸಿತು. ಗೆರೆಯ ಆಚೆ ನೀರು ಒರಟು, ಈಚೆ ನುಣುಪು. ಅದು ನಮ್ಮ ಕಡೆಗೇ ಬರುತ್ತಿತ್ತು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಗಾಳಿ ಒಂದು ಕಿಲೋಮೀಟರ್ ದಾಟಲು ತೆಗೆದುಕೊಳ್ಳುವುದು ಒಂದೇ ನಿಮಿಷ. ನಮಗೆ ಸಿಕ್ಕದ್ದೂ ಅಷ್ಟೇ ಇರಬೇಕು.

ಎಲ್ಲರೂ ಒಂದೇ ಮಾತು ಕೂಗಿದೆವು: ಬೇಗ ಮನೆ ಕಡೆ ಬಿಡು. ನಮ್ಮ ದಡ ಕಣ್ಣಿಗೆ ಕಾಣುತ್ತಿತ್ತು, ಅಜ್ಜನ ತೋಟದ ಅಡಿಕೆ ಮರಗಳ ತಲೆಗಳೂ ಕಾಣುತ್ತಿದ್ದವು. ಮಾವ ಆ ಕಡೆ ಬಿಡಲಿಲ್ಲ. ದೋಣಿಯ ಮೂತಿಯನ್ನು ಮನೆಗೆ ಬೆನ್ನು ಹಾಕಿ ಮೂಡಣಕ್ಕೆ, ಆ ಕಪ್ಪು ಗೆರೆಯ ಕಡೆಗೇ ತಿರುಗಿಸಿದರು. ಅಲ್ಲೊಂದು ಚಿಕ್ಕ ನಡುಗಡ್ಡೆಯಿತ್ತು. ಹಿಂದೊಮ್ಮೆ ಗುಡ್ಡದ ನೆತ್ತಿಯಾಗಿದ್ದ ಜಾಗ. ನನ್ನ ಅಮ್ಮ ಜೋರಾಗಿ ಬೈದರು.

ಇಡೀ ಉತ್ತರದಲ್ಲಿ ನೀವು ಒಂದೇ ಒಂದು ಸಂಗತಿಯನ್ನು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಳಿ ಎದ್ದಾಗ ಹೋಗಬೇಕಾದ ದಡವನ್ನು ಮರೆಯಬೇಕು, ಗಾಳಿಮರೆ ಎಲ್ಲಿದೆ ಎಂದು ನೋಡಬೇಕು. ಮನಸ್ಸು ಮಾತ್ರ ಹೊರಟ ಜಾಗಕ್ಕೋ ಮುಟ್ಟಬೇಕಾದ ಜಾಗಕ್ಕೋ ಎಳೆಯುತ್ತಲೇ ಇರುತ್ತದೆ. ನಮ್ಮ ಮನೆಯ ದಡ ಗಾಳಿ ಹೋಗಿ ಬಡಿಯುವ ದಡವಾಗಿತ್ತು. ಉದ್ದಕ್ಕೂ ತಳ್ಳಿಕೊಂಡು ಬಂದ ಅಲೆಗಳೆಲ್ಲ ಅಲ್ಲೇ ಏಳುತ್ತವೆ, ಅಲ್ಲೇ ಮುರಿಯುತ್ತವೆ. ಗಾಳಿ ಬರುವ ಕಡೆಯ ದಡದ ಬುಡದಲ್ಲಿ, ನಡುಗಡ್ಡೆಯ ಹಿಂಬದಿಯಲ್ಲಿ ನೀರು ಶಾಂತವಾಗಿರುತ್ತದೆ. ಗಾಳಿಗೆ ಎದುರಾಗಿ ಹೋಗುವುದು ಹುಚ್ಚುತನದಂತೆ ಕಾಣುತ್ತದೆ, ಆದರೆ ಹತ್ತಿರದಲ್ಲೇ ಮರೆಯಿದ್ದರೆ ಅದೇ ಸರಿ.

ಲಿಂಗನಮಕ್ಕಿಯಲ್ಲಿ ಇನ್ನೊಂದು ಕಾರಣವೂ ಉಂಟು. 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನೊಳಗೆ ನಿಂತಿವೆ. ಜಲಾಶಯ ತುಂಬಿದಾಗ, ಅಂದರೆ 1819 ಅಡಿ ಮುಟ್ಟಿದಾಗ, ಅವು ಆಳದಲ್ಲಿರುತ್ತವೆ. ವಿದ್ಯುತ್ತಿಗೆಂದು ನೀರು ಬಿಟ್ಟು ಬಿಟ್ಟು ಮೇ ಹೊತ್ತಿಗೆ ಮಟ್ಟ ಎಷ್ಟೋ ಇಳಿದಿರುತ್ತದೆ. ಆಗ ಎಷ್ಟೋ ಬೊಡ್ಡೆಗಳ ತಲೆ ನೀರಿನಿಂದ ಗೇಣುದ್ದ ಕೆಳಗೆ, ಕಣ್ಣಿಗೆ ಕಾಣದ ಹಾಗೆ ಇರುತ್ತದೆ. ಹೆದರಿ ದಡದ ಕಡೆ ಪೂರ್ತಿ ವೇಗದಲ್ಲಿ ನುಗ್ಗಿದ ದೋಣಿಯ ತಳವನ್ನು ಅಂಥ ಒಂದು ಬೊಡ್ಡೆ ಸೀಳಬಲ್ಲದು. ಹೊಸಬರ ಕೈಗೆ ಚುಕ್ಕಾಣಿ ಕೊಡಬಾರದು ಎನ್ನುವುದು ಇದಕ್ಕೇ.

ಗಾಳಿ ಬಡಿದಾಗ ಮೊದಲು ಎದ್ದದ್ದು ಟಾರ್ಪಾಲು. ಅದು ಹಾಯಿಯಂತೆ ಉಬ್ಬಿ ದೋಣಿಯನ್ನು ಒಂದು ಮಗ್ಗುಲಿಗೆ ಎಳೆಯಿತು. ಎಡಬದಿಯ ಅಂಚು ನೀರಿಗೆ ತಾಗಿ, ನೀರು ಹಗ್ಗದ ದಪ್ಪಕ್ಕೆ ಒಳಗೆ ಇಳಿಯತೊಡಗಿತು. ಮಾವ ಸೊಂಟದ ಕೊಕ್ಕೆಯಿಂದ ಕತ್ತಿ ಕಿತ್ತು ನನ್ನ ಕೈಗಿತ್ತು "ಕಡಿ" ಎಂದರು. ಗಂಟು ಬಿಚ್ಚಲು ಹೋಗಿದ್ದರೆ ಆಗುತ್ತಿರಲಿಲ್ಲ, ನೈಲಾನ್ ಹಗ್ಗ ಒದ್ದೆಯಾಗಿ ಬಿಗಿದಿತ್ತು. ನಾಲ್ಕರಲ್ಲಿ ಮೂರು ಮೂಲೆ ಕಡಿದೆ. ನಾಲ್ಕನೆಯದು ತಾನೇ ಹರಿದು, ಆ ನೀಲಿ ಟಾರ್ಪಾಲು ಬಾವಲಿಯ ಹಾಗೆ ಹಾರಿಹೋಯಿತು. ದೋಣಿ ನೆಟ್ಟಗಾಯಿತು.

ಅಮೆರಿಕದ ಮಿಸೌರಿ ರಾಜ್ಯದ ಟೇಬಲ್ ರಾಕ್ ಸರೋವರದಲ್ಲಿ 2018ರ ಜುಲೈ 19ರಂದು ಪ್ರವಾಸಿಗರ ದೋಣಿಯೊಂದು ಇಂಥದೇ ಬಿರುಗಾಳಿಗೆ ಮುಳುಗಿತು. ಅದರಲ್ಲಿದ್ದ 31 ಜನರಲ್ಲಿ 17 ಮಂದಿ ಸತ್ತರು. ಹವಾಮಾನ ಇಲಾಖೆಯ ಎಚ್ಚರಿಕೆ ಆ ದೋಣಿ ನೀರಿಗಿಳಿಯುವ ಮೊದಲೇ ಬಂದಿತ್ತು. ಮೇಲಿನ ಚಾವಣಿ ಮತ್ತು ಪಕ್ಕದ ಪರದೆಗಳು ಜನ ಹೊರಗೆ ಬರದಂತೆ ತಡೆದವು ಎಂದು ತನಿಖೆಯಲ್ಲಿ ತಿಳಿಯಿತು. ಅದನ್ನು ಓದಿದ ದಿನ ನನಗೆ ಆ ನೀಲಿ ಟಾರ್ಪಾಲು ನೆನಪಾಗಿ ನಿದ್ದೆ ಬರಲಿಲ್ಲ. ಚಾವಣಿಯಿರುವ ದೋಣಿ ಹತ್ತಿದರೆ ಅಂಚಿನ ಹತ್ತಿರ ಕುಳಿತುಕೊಳ್ಳಿ, ಪಕ್ಕದ ಪರದೆ ಇಳಿಸಲು ಬಿಡಬೇಡಿ.

ಲೈಫ್ ಜಾಕೆಟ್ ವಿಷಯವನ್ನೂ ಹೇಳಬೇಕು. ನಮ್ಮ ದೋಣಿಯಲ್ಲಿ ಜಾಕೆಟ್‌ಗಳಿದ್ದವು. ಹಲಗೆಯ ಅಡಿಯಲ್ಲಿ, ಹಿಂಡಿ ಚೀಲದ ಕೆಳಗೆ, ಒಂದರ ಪಟ್ಟಿ ಇನ್ನೊಂದಕ್ಕೆ ಸುತ್ತಿಕೊಂಡು. ಅಮ್ಮ ಅವನ್ನು ಎಳೆದರು, ಐದಾರು ಒಟ್ಟಿಗೇ ಬಂದವು. ತಂಗಿಗೆ ಒಂದನ್ನು ತೊಡಿಸಲು ಇಬ್ಬರು ದೊಡ್ಡವರು ಹೆಣಗಿದರೂ ಕೊನೆಗೆ ಹಾಕಲಾದದ್ದು ಒಂದೇ ತೋಳು. ಕೈ ನಡುಗುವಾಗ, ದೋಣಿ ಹೊಯ್ದಾಡುವಾಗ ಆ ಕೊಂಡಿಗಳು ಕೂಡುವುದೇ ಇಲ್ಲ. ದಡದಲ್ಲೇ ತೊಟ್ಟು, ಕೊಂಡಿ ಹಾಕಿ, ಆಮೇಲೆ ಕಾಲಿಡಿ. ಸೆಕೆ ಎಂದು ಬಿಚ್ಚಬೇಡಿ.

ಆಮೇಲೆ ಮಾವ ನಮ್ಮನ್ನೆಲ್ಲ ಹಲಗೆಯಿಂದ ಇಳಿಸಿ ತಳದಲ್ಲಿ ಕೂರಿಸಿದರು. ಭಾರ ಕೆಳಗಿದ್ದಷ್ಟೂ ದೋಣಿ ಗಟ್ಟಿ. ಅಲೆ ಕಂಡು ಎಲ್ಲರೂ ಒಂದೇ ಮಗ್ಗುಲಿಗೆ ಸರಿಯುವುದು, ಎದ್ದು ನಿಲ್ಲುವುದು ದೋಣಿಯನ್ನು ಮಗುಚುತ್ತದೆ. ಅವರು ಎಂಜಿನ್ ಆರಿಸಲಿಲ್ಲ, ಜೋರಾಗಿಯೂ ಬಿಡಲಿಲ್ಲ. ಅಲೆಗೆ ನೇರ ಎದುರೂ ಅಲ್ಲದೆ, ಮಗ್ಗುಲನ್ನೂ ಕೊಡದೆ, ತುಸು ಓರೆಯಾಗಿ ಹತ್ತಿಸಿ ಇಳಿಸಿದರು. ಸಮುದ್ರದ ಅಲೆಗಳ ನಡುವೆ ಉಸಿರು ತೆಗೆದುಕೊಳ್ಳಲು ಜಾಗವಿರುತ್ತದೆ. ಕೆರೆ, ಹಿನ್ನೀರಿನ ಅಲೆಗಳು ಗಿಡ್ಡವಾದರೂ ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ನಾನು ಮತ್ತು ಮತ್ತೊಬ್ಬರು ಅಡಿಕೆ ಹಾಳೆಯ ಕೊಟ್ಟೆಯಲ್ಲಿ ನೀರು ಗೋರಿ ಗೋರಿ ಹೊರಗೆ ಚೆಲ್ಲುತ್ತಿದ್ದೆವು. ಎಂಜಿನ್ ನಿಂತರೆ ಎಸೆಯಲೆಂದು ಅರ್ಧ ತುಂಬಿದ ಹಿಂಡಿ ಚೀಲಕ್ಕೆ ಹಗ್ಗ ಬಿಗಿದು ಮೂತಿಯ ಹತ್ತಿರ ಇಟ್ಟಿದ್ದರು. ನೀರಿನಲ್ಲಿ ಎಳೆಯುವ ಅಂಥ ಭಾರ ಮೂತಿಯನ್ನು ಗಾಳಿಯ ಕಡೆಗೇ ಹಿಡಿದಿಡುತ್ತದೆ, ದೋಣಿ ಅಡ್ಡ ತಿರುಗುವುದಿಲ್ಲ. ಬಕೆಟ್ ಆದರೂ ಸಾಕು.

ನಡುಗಡ್ಡೆಯ ಮರೆಗೆ ಬಂದಾಗ ಗದ್ದಲವೆಲ್ಲ ಒಮ್ಮೆಲೇ ತಲೆಯ ಮೇಲಕ್ಕೆ ಹೋಯಿತು. ಮರಗಳ ತುದಿ ಬಡಿದಾಡುತ್ತಿದ್ದವು, ಕೆಳಗೆ ನೀರು ಸುಮ್ಮನಿತ್ತು. ಆಮೇಲೆ ಮಳೆ ಬಂತು. ಆನೆಕಲ್ಲು ಬಿದ್ದವು. ಸಿಡಿಲು ನಿಲ್ಲುವವರೆಗೆ ನಾವು ದಡದ ಕುರುಚಲಿನ ನಡುವೆ ತಲೆ ತಗ್ಗಿಸಿ ಕುಳಿತೆವು, ಒಂಟಿ ಮರದ ಬುಡಕ್ಕೆ ಹೋಗಲು ಮಾವ ಯಾರನ್ನೂ ಬಿಡಲಿಲ್ಲ. ಗುಡುಗು ಸಿಡಿಲಿನ ಹೊತ್ತಿನಲ್ಲಿ ತೆರೆದ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ನೀರಿಗಿಳಿಯಬೇಡಿ. ನಾವು ಮನೆ ಸೇರಿದ್ದು ರಾತ್ರಿ. ಅಜ್ಜಿ ಲಾಟೀನು ಹಿಡಿದು ದಡದಲ್ಲೇ ನಿಂತಿದ್ದರು.

ದೋಣಿ ಮಗುಚಿಯೇಬಿಟ್ಟರೆ? ದೋಣಿಯನ್ನು ಬಿಡಬೇಡಿ. ಮಗುಚಿದ ದೋಣಿಯೂ ಹೆಚ್ಚಿನ ಸಲ ತೇಲುತ್ತದೆ, ಹುಡುಕಿ ಬರುವವರಿಗೆ ತಲೆಗಿಂತ ಅದು ಬೇಗ ಕಾಣುತ್ತದೆ. ಈಜು ಬಲ್ಲವರು ದಡ ಹತ್ತಿರವೇ ಇದೆ ಎಂದು ಹೊರಡುತ್ತಾರೆ. ನೀರಿನ ಮಟ್ಟದಿಂದ ನೋಡಿದಾಗ ಎಲ್ಲ ದಡವೂ ಹತ್ತಿರವೆಂದೇ ತೋರುತ್ತದೆ. ಹರಿಗೋಲಿನ ಮಾತು ಸ್ವಲ್ಪ ಬೇರೆ: ಅದಕ್ಕೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲ, ಗಾಳಿಗೆ ಬುಗುರಿಯಂತೆ ತಿರುಗುತ್ತದೆ. ದಡದ ಬುಡದಲ್ಲಿ ಸುತ್ತಾಡಲು ಅದು ಚೆನ್ನ, ತೆರೆದ ಹಿನ್ನೀರಿನ ನಡುವಿಗೆ ಮೇ ತಿಂಗಳ ಮಧ್ಯಾಹ್ನ ಅದರಲ್ಲಿ ಹೋಗಬೇಡಿ.

ಈಗ ನಿಮ್ಮ ಪ್ರವಾಸಕ್ಕೆ ಬರೋಣ. ಬೇಸಿಗೆಯ ಗುಡುಗುಮಳೆ ನೆಲ ಕಾದ ಮೇಲೆ ಹುಟ್ಟುವಂಥದ್ದು, ಹೆಚ್ಚಾಗಿ ಮಧ್ಯಾಹ್ನದ ನಂತರ, ಸಂಜೆ. ಬೆಳಗ್ಗೆ ಏಳಕ್ಕೆ ಹೊರಟು ಹತ್ತು ಹತ್ತೂವರೆಯೊಳಗೆ ದಡ ಸೇರಿಬಿಡಿ. ಸೂರ್ಯಾಸ್ತ ನೋಡುವ ಆಸೆಯನ್ನು ದಡದಿಂದಲೇ ತೀರಿಸಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ, ಹೊರಡುವ ಮೊದಲು ನೋಡಿ. ನೀರಿನ ನಡುವೆ ನೆಟ್‌ವರ್ಕ್ ಸಿಗುತ್ತದೆಂದು ನಂಬಬೇಡಿ, ಅಲ್ಲಿ ಕಿವಿಯೇ ಆ್ಯಪ್. ಒಂದು ಗುಡುಗು ಕೇಳಿಸಿದರೂ ಸಾಕು, ದೋಣಿಯವನಿಗೆ ತಿರುಗಿಸಲು ಹೇಳಿ. ಕೊಟ್ಟ ದುಡ್ಡಿನ ಲೆಕ್ಕ ಹಾಕಬೇಡಿ. ಅವನು ಏನೂ ಆಗುವುದಿಲ್ಲ ಎಂದರೂ ಮಗುವಿರುವ ನೀವು ಹಟ ಹಿಡಿಯಿರಿ.

ಮಗಳಿಗೆ ಜಾಕೆಟ್ ತೊಡಿಸಿದ ಮೇಲೆ ಅದರ ಎರಡೂ ಭುಜ ಹಿಡಿದು ಅವಳನ್ನು ಮೆಲ್ಲಗೆ ಮೇಲಕ್ಕೆತ್ತಿ ನೋಡಿ. ಗಲ್ಲ, ಕಿವಿ ಜಾಕೆಟ್‌ನೊಳಗೆ ಜಾರಿದರೆ ಅದು ದೊಡ್ಡವರದು, ನೀರಿನಲ್ಲಿ ಅವಳನ್ನು ಬಿಟ್ಟು ತಾನೊಂದೇ ತೇಲುತ್ತದೆ. ಮಕ್ಕಳ ಅಳತೆಯದು, ಕಾಲುಗಳ ನಡುವೆ ಪಟ್ಟಿ ಹಾಯುವಂಥದ್ದು ಬೇಕು. ಅಲ್ಲಿ ಸಿಗುತ್ತದೋ ಇಲ್ಲವೋ ಎಂದು ಕಾಯದೆ ಊರಿನಿಂದಲೇ ಕೊಂಡು ತನ್ನಿ. ಮನೆಯಲ್ಲಿ ಒಂದೆರಡು ಸಲ ತೊಡಿಸಿ ಆಡಲು ಬಿಡಿ, ಅಂದು ದಡದಲ್ಲಿ ರಗಳೆ ಮಾಡುವುದಿಲ್ಲ.