ಬ್ಲಾಕ್ ಹಾಕಿ ಪೇಜ್ ಕಟ್ಟೋ ಸಿಂಪಲ್ ಸೈಟ್ ಸೆಟಪ್ ಹೇಗೆ, ಪೇಜ್ ಬಿಲ್ಡರ್ ಬೇಕಾ?

ನಾಲ್ಕೈದು ಪೇಜಿನ ಸೈಟು, ಕೋಡಿಂಗ್ ಬರ್ದೇ ಇರೋರೂ ಅಪ್‌ಡೇಟ್ ಮಾಡೋ ಹಾಗಿರ್ಬೇಕು ಅಂದ್ರಿ, ಅದಕ್ಕೆ ವರ್ಡ್‌ಪ್ರೆಸ್ (ಸೈಟ್ ಕಟ್ಟೋ ಸಾಫ್ಟ್‌ವೇರ್) ಒಂದೇ ಸಾಕು, ಪೇಜ್ ಬಿಲ್ಡರ್ (ಪೇಜ್ ಕಟ್ಟೋಕೆ ಅದಕ್ಕೆ ಬೇರೆಯಾಗಿ ಸೇರಿಸೋ ಪ್ಲಗಿನ್) ಬೇಡ. 2018ರಲ್ಲಿ ಬಂದ 5.0 ವರ್ಷನ್ನಿಂದ ಬ್ಲಾಕ್ ಎಡಿಟರ್ (ಪ್ಯಾರಾ, ಚಿತ್ರ, ಬಟನ್ ಹೀಗೆ ಒಂದೊಂದನ್ನೂ ಬ್ಲಾಕಾಗಿ ಜೋಡಿಸೋದು) ವರ್ಡ್‌ಪ್ರೆಸ್ ಒಳಗೇ ಇದೆ, 5.9ರಿಂದ ಹೆಡರ್ ಫೂಟರ್ ಕೂಡ ಬ್ಲಾಕಲ್ಲೇ ಮಾಡ್ಬಹುದು, ಆದ್ರೆ ಬ್ಲಾಕ್ ಥೀಮೇ (ಪೂರ್ತಿ ಬ್ಲಾಕಲ್ಲೇ ಕಟ್ಟಿರೋ ಸೈಟ್ ಡಿಸೈನ್) ಇರ್ಬೇಕು. ಟ್ವೆಂಟಿ ಟ್ವೆಂಟಿ-ಫೋರ್ ಹಾಕ್ಕೊಳಿ, ಫ್ರೀ.

ವರ್ಡ್‌ಪ್ರೆಸ್ ಓಡೋಕೆ ಬೇಕಾದ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇರೋ ಮಾಮೂಲಿ ಹೋಸ್ಟಿಂಗ್ ನಡಿಯುತ್ತೆ. ಇನ್‌ಸ್ಟಾಲ್ ಆದ್ಮೇಲೆ ಅಪಿಯರೆನ್ಸ್ ಒಳಗಿನ ಎಡಿಟರ್‌ಗೆ ಹೋಗಿ ಮೊದ್ಲು ಸ್ಟೈಲ್ಸಲ್ಲಿ ಬಣ್ಣ, ಫಾಂಟ್ ಫಿಕ್ಸ್ ಮಾಡ್ಬಿಡಿ, ಇದನ್ನ ಬಿಟ್ಟು ಒಂದೊಂದು ಬ್ಲಾಕಿಗೂ ಬೇರೆ ಬೇರೆ ಬಣ್ಣ ಕೊಡ್ತಾ ಹೋದ್ರೆ ಸೈಟು ಊರ ಜಾತ್ರೆ ಥರ ಆಗುತ್ತೆ, ಆಮೇಲೆ ಸರಿ ಮಾಡೋಕೆ ಎಲ್ಲಾ ಪೇಜೂ ಒಂದೊಂದಾಗಿ ತೆಗೀಬೇಕು.

ಫೋನ್ ನಂಬರು, ಅಡ್ರೆಸ್ಸು ಹೀಗೆ ಎಲ್ಲಾ ಪೇಜಲ್ಲೂ ಬರೋದನ್ನ ಸಿಂಕ್ಡ್ ಪ್ಯಾಟರ್ನ್ ಮಾಡಿಟ್ರೆ ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆ ಬದಲಾಗುತ್ತೆ. ಅಪ್‌ಡೇಟ್ ಮಾಡೋರಿಗೆ ಅಡ್ಮಿನ್ ಕೊಡ್ಬೇಡಿ, ಎಡಿಟರ್ ರೋಲ್ (ಪೇಜು, ಬರಹ ತಿದ್ದೋ ಅನುಮತಿ) ಸಾಕು, ಅಲುಗಾಡಬಾರದ ಬ್ಲಾಕುಗಳನ್ನ ಲಾಕ್ ಮಾಡಿ.

ಪೇಜ್ ಬಿಲ್ಡರ್ ಬೇಡ ಅಂದಿದ್ದು ಯಾಕಂದ್ರೆ, ಬ್ಲಾಕಿನ ಬರಹ ಡೇಟಾಬೇಸಲ್ಲಿ ಎಚ್‌ಟಿಎಂಎಲ್ ಆಗೇ ಕೂತಿರುತ್ತೆ, ಬ್ಲಾಕ್ ಯಾವುದು ಅನ್ನೋದು ಬರೀ ಕಾಮೆಂಟ್ ಟ್ಯಾಗಲ್ಲಿ, ಹಾಗಾಗಿ ನಾಳೆ ಬೇರೆ ಕಡೆ ಹೋದ್ರೂ ಬರಹ ಉಳಿಯುತ್ತೆ. ಶಾರ್ಟ್‌ಕೋಡ್ (ಚೌಕ ಬ್ರಾಕೆಟ್ಟೊಳಗೆ ಬರೆಯೋ ಕೋಡು) ಬಳಸೋ ಬಿಲ್ಡರ್ ತೆಗೆದ್ರೆ ಪೇಜ್ ತುಂಬಾ ಚೌಕ ಬ್ರಾಕೆಟ್ಟು.

ಕನ್ನಡ ಸೈಟಾದ್ರೆ 6.5ರಿಂದ ಇರೋ ಫಾಂಟ್ ಲೈಬ್ರರಿಯಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿ, ಲೈನ್ ಹೈಟ್ 1.7 ಹತ್ರ ಇಡಿ, ಇಲ್ಲಾಂದ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ.