ಓದುಗರ ಪ್ರಶ್ನೆ: ಒಂದೇ ತರಗತಿಯಲ್ಲಿ ಇಷ್ಟೊಂದು ಅಂತರವೇಕೆ?

ಪ್ರಶ್ನೆ: ನಮ್ಮ ಐದನೇ ತರಗತಿಯಲ್ಲಿ 34 ಮಕ್ಕಳಿದ್ದಾರೆ. ಊರಿನ ಮಕ್ಕಳು ಪಾಠ ಸರಾಗವಾಗಿ ಓದುತ್ತಾರೆ. ತಾಂಡಾದ 11 ಮಕ್ಕಳು ದೀಪಾವಳಿ ಮುಗಿಯುತ್ತಲೇ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಯುಗಾದಿ ಹೊತ್ತಿಗೆ ವಾಪಸ್. ಬಂದ ಮೇಲೆ ದಿನಾ ಸಂಜೆ ಒಂದು ತಾಸು ಪಾಠ ಹೇಳಿದರೂ ಹಿಂದೆಯೇ ಉಳಿದಿದ್ದಾರೆ. ಎಲ್ಲಿ ತಪ್ಪುತ್ತಿದೆ?
— ಶಿಕ್ಷಕಿ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಆ ಒಂದು ತಾಸಿನಲ್ಲಿ ಏನು ಕಲಿಸುತ್ತೀರಿ ಎಂದು ನೀವು ಬರೆದಿಲ್ಲ. ಬಹುಶಃ ಬಿಟ್ಟುಹೋದ ಐದನೇ ತರಗತಿಯ ಪಾಠಗಳನ್ನೇ. ಒತ್ತಕ್ಷರದಲ್ಲಿ ನಿಂತ ಮಗುವಿಗೆ ಐದನೆಯ ಪಾಠ ಹತ್ತು ಸಲ ಓದಿಸಿದರೆ ಬಾಯಿಪಾಠವಾಗುತ್ತದೆ, ಓದು ಬರುವುದಿಲ್ಲ.

ಮೊದಲು 34 ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿ. ತಾಂಡಾದ ಹನ್ನೊಂದು ಮಕ್ಕಳನ್ನು ಮಾತ್ರ ಕರೆಯಬೇಡಿ. ಊರಿನ ಮಕ್ಕಳ 'ಸರಾಗ ಓದಿ'ನಲ್ಲೂ ಬಾಯಿಪಾಠ ಎಷ್ಟಿದೆಯೋ! ಒಂದು ಹಾಳೆಯಲ್ಲಿ ಹತ್ತು ಅಕ್ಷರ, ಹತ್ತು ಸರಳ ಪದ, ನಾಲ್ಕು ವಾಕ್ಯದ ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ ಬರೆಯಿರಿ. ಪಠ್ಯಪುಸ್ತಕದ ಸಾಲು ಬೇಡ. ಪ್ಯಾರಾದಿಂದ ಶುರು ಮಾಡಿ. ತಡವರಿಸದೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆ ಕೊಡಿ. ಓದದಿದ್ದರೆ ಪದಗಳಿಗೆ ಇಳಿಯಿರಿ. ಹತ್ತರಲ್ಲಿ ಯಾವುದಾದರೂ ಐದು ಪದ ಓದಿಸಿ, ನಾಲ್ಕು ಸರಿಯಾಗಿದ್ದರೆ ಮಗು ಪದದ ಹಂತದಲ್ಲಿದೆ, ಇಲ್ಲದಿದ್ದರೆ ಅಕ್ಷರ. ಒಬ್ಬರಿಗೆ ಐದು ನಿಮಿಷ ಹಿಡಿದರೂ ಮೂರು ತಾಸಿನ ಕೆಲಸ.

ಆಮೇಲೆ ಪಾಠ. ಇದಕ್ಕೆ ಸಂಜೆ ಬೇಡ, ಬೆಳಗಿನ ಶಾಲಾ ವೇಳೆಯಲ್ಲೇ ಒಂದು ತಾಸು ತೆಗೆಯಿರಿ. ಸಂಜೆ ಮೇಕೆ ಹೊಡೆದುಕೊಂಡು ಬರುವ, ನೀರು ತರುವ ಕೆಲಸ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಂಜೆ ಉಳಿಯುವವರು ದಡ್ಡರು ಎಂಬ ಹೆಸರು ಒಂದೇ ವಾರದಲ್ಲಿ ಅಂಟಿಕೊಳ್ಳುತ್ತದೆ. 3, 4, 5ನೇ ತರಗತಿಗಳನ್ನು ಆ ತಾಸಿಗೆ ಕೂಡಿಸಿ, ಹಂತಕ್ಕೊಂದು ಗುಂಪು ಮಾಡಿ, ಗುಂಪಿಗೊಬ್ಬ ಶಿಕ್ಷಕರು. ಇಬ್ಬರೇ ಇದ್ದರೆ ಅಕ್ಷರ-ಪದದವರು ಒಬ್ಬರಿಗೆ, ಪ್ಯಾರಾ-ಕಥೆಯವರು ಇನ್ನೊಬ್ಬರಿಗೆ. ಪದದ ಗುಂಪು ಮುಗ್ಗರಿಸುವುದು ಹೆಚ್ಚಾಗಿ ಒತ್ತಿನಲ್ಲಿ: ಕತ್ತೆ 'ಕತೆ' ಆಗುತ್ತದೆ, ಹಳ್ಳಿ 'ಹಳಿ' ಆಗುತ್ತದೆ. ಕತೆ-ಕತ್ತೆ, ಹಳಿ-ಹಳ್ಳಿ, ಎಲೆ-ಎಲ್ಲೆ ಹೀಗೆ ಜೋಡಿ ಚೀಟಿ ಮಾಡಿ. ನೀವು ಹೇಳಿದ್ದನ್ನು ಮಗು ಎತ್ತಿಕೊಡಲಿ, ಬರವಣಿಗೆ ನಂತರ.

ಹದಿನೈದು ದಿನಕ್ಕೊಮ್ಮೆ ಮತ್ತೆ ಓದಿಸಿ, ಏರಿದವರನ್ನು ಅಂದೇ ಮೇಲಿನ ಗುಂಪಿಗೆ ಕಳಿಸಿ. ಈ ಪದ್ಧತಿ ಕೆಡುವುದೇ ಇಲ್ಲಿ. ಜೂನ್‌ನಲ್ಲಿ ಮಾಡಿದ ಗುಂಪು ಜನವರಿಯಲ್ಲೂ ಹಾಗೇ ಇದ್ದರೆ ಅದು ಹಿಂದಿನ ಬೆಂಚಿನ ಇನ್ನೊಂದು ಹೆಸರಷ್ಟೆ.

ಗುಳೆಯ ಮಾತು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕು, ಅದು ತಡವಾಯಿತೆಂದು ಅಲ್ಲಿನ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ಅಲ್ಲಿ ಸಿಗುವುದು ಬಹುತೇಕ ಮರಾಠಿ ಶಾಲೆ, ಕನ್ನಡದ ಓದು ನಿಂತುಹೋಗುತ್ತದೆ. ಹಂಗಾಮು ಮುಗಿಯುವವರೆಗೆ ಮಕ್ಕಳನ್ನು ಇಲ್ಲೇ ಉಳಿಸಿಕೊಳ್ಳುವ ವಸತಿ ಕೇಂದ್ರಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಹೆಸರಿನ ಪಟ್ಟಿ ಆಗಸ್ಟ್‌ನಲ್ಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ. ದೀಪಾವಳಿ ಹೊತ್ತಿಗೆ ಪಾಲಕರು ಮುಂಗಡ ಹಿಡಿದು ಕಬ್ಬು ಕಡಿಯುವ ಗ್ಯಾಂಗಿಗೆ ಒಪ್ಪಿ ಆಗಿರುತ್ತದೆ.

ಪ್ರಶ್ನೆ: ಎರಡನೇ ತರಗತಿಯಲ್ಲಿ ಮನೆಮಾತು ಮರಾಠಿ, ಉರ್ದು ಆಗಿರುವ ಮಕ್ಕಳು 'ಇಪ್ಪತ್ಮೂರು' ಎಂದರೆ 32 ಬರೆಯುತ್ತಾರೆ. ಗಣಿತದಲ್ಲಿ ಹಿಂದೆ ಎನ್ನೋಣವೇ?
— ಶಿಕ್ಷಕ, ಖಾನಾಪುರ, ಬೆಳಗಾವಿ ಜಿಲ್ಲೆ

ಉತ್ತರ: ಬೇಡ. ಮರಾಠಿಯ 'ತೇವೀಸ'ದಲ್ಲಿ ಮೂರು ಮೊದಲು, ಇಪ್ಪತ್ತು ಆಮೇಲೆ. ಉರ್ದುವಿನಲ್ಲೂ ಹಾಗೇ. ಮಗು ಮನೆಯಲ್ಲಿ ಕೇಳಿದ ಕ್ರಮದಲ್ಲೇ ಬರೆಯುತ್ತಿದೆ. 19, 29, 39 ಬಂದಾಗ ಇನ್ನಷ್ಟು ತೊಡಕು: 29 ಮರಾಠಿಯಲ್ಲಿ 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕಿವಿಗೆ ಬೀಳುವುದು ತೀಸ, ಕೈ ಬರೆಯುವುದು 3.

ಹತ್ತತ್ತು ಕಡ್ಡಿಯ ಕಟ್ಟು ಕಟ್ಟಿಸಿ. ಎಡಕ್ಕೆ ಕಟ್ಟು, ಬಲಕ್ಕೆ ಬಿಡಿ. ಎರಡು ಕಟ್ಟು, ಮೂರು ಬಿಡಿ ಇಟ್ಟ ಮೇಲೆ ಮನೆಮಾತಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿಸಿ, ನಂತರ ಬರೆಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಮನೆಮಾತಿನಲ್ಲಿ ಹೇಳಬೇಡ ಎಂದು ಗದರಿಸಿದರೆ ಮಗು ಬಾಯಿ ಮುಚ್ಚುತ್ತದೆ, ತಪ್ಪು ಒಳಗೇ ಉಳಿಯುತ್ತದೆ.

ಇದೇ ಮಕ್ಕಳ ಉಕ್ತಲೇಖನದಲ್ಲಿ ಒಲೆ 'ಓಲೆ' ಆಗಿದ್ದರೆ ಅದಕ್ಕೂ ಇಂಥದೇ ಕಾರಣ. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಭೇದಕ್ಕೆ ಬೇರೆ ಬೇರೆ ಅಕ್ಷರವಿಲ್ಲ.

ಪ್ರಶ್ನೆ: ಏಳನೇ ತರಗತಿಯ ಸರಾಸರಿ ಒಂದೇ ವರ್ಷದಲ್ಲಿ 50ರಿಂದ 57ಕ್ಕೆ ಏರಿದೆ ಎಂದು ಹೆಡ್‌ಮಾಸ್ತರರು ಹೇಳಿದರು. ಅಂತರ ಕಡಿಮೆಯಾದಂತೆಯೇ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಸರಾಸರಿ ಅದನ್ನು ಹೇಳುವುದಿಲ್ಲ. ಮೇಲಿನ ಅರ್ಧ ಮಕ್ಕಳು 70ರಿಂದ 82ಕ್ಕೆ, ಕೆಳಗಿನ ಅರ್ಧ 30ರಿಂದ 32ಕ್ಕೆ ಬಂದರೂ ಸರಾಸರಿ 57 ಆಗುತ್ತದೆ, ಆದರೆ 40 ಇದ್ದ ಅಂತರ 50ಕ್ಕೆ ಬೆಳೆದಿರುತ್ತದೆ. ಮುಂದಿನ ಸಭೆಯಲ್ಲಿ ಕೊನೆಯ ಕಾಲುಭಾಗ ಮಕ್ಕಳ ಸರಾಸರಿಯನ್ನು, ಹೋದ ವರ್ಷದ್ದೂ ಈ ವರ್ಷದ್ದೂ, ಬೇರೆಯಾಗಿ ಕೇಳಿ. ಹೆಸರು ಓದಿಸಬೇಡಿ, ಅಂಕಿ ಸಾಕು. ಆ ಮಕ್ಕಳ ನವೆಂಬರ್‌ನಿಂದ ಮಾರ್ಚ್‌ವರೆಗಿನ ಹಾಜರಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.