ಸೋತ ರಾತ್ರಿ ಕಾಮೆಂಟ್ ಓದಬೇಡಿ, ಮರುದಿನ ಸ್ಕೋರ್‌ಕಾರ್ಡ್ ಓದಿ

ಟೀಮ್ ಸೋತ ಮೇಲೆ ಬೆಳಗಿನ ಜಾವದವರೆಗೆ ಕಾಮೆಂಟ್ ಓದುತ್ತಾ ಕೂತಿದ್ದೆ, ಕ್ಯಾಚ್ ಬಿಟ್ಟ ಹುಡುಗನ ಪೇಜಿಗೆ ಹೋಗಿ ಬೈದು ಬಂದೆ, ಇನ್ಮೇಲೆ ಕ್ರಿಕೆಟ್ ನೋಡಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಒಂದರಿಂದಲೂ ಮನಸ್ಸು ಹಗುರಾಗಲ್ಲ. ‘ಆಟ ತಾನೇ, ಬಿಡಿ’ ಅಂತ ಮೇಲೆ ಯಾರೋ ಹೇಳಿದ್ದಾರೆ. ಅಷ್ಟು ಸುಲಭಕ್ಕೆ ಬಿಡೋ ಹಾಗಿದ್ದರೆ ನಾವ್ಯಾರೂ ಈ ಕ್ರಿಕೆಟ್ ಅಭಿಮಾನಿಗಳ ಗುಂಪಲ್ಲಿ ಇರುತ್ತಲೇ ಇರಲಿಲ್ಲ.

ನನಗೆ ಕೆಲಸ ಮಾಡಿದ್ದು ಒಂದೇ. ಕೊನೆಯ ಬಾಲ್ ಆದ ಕೂಡಲೇ ಟಿವಿ ಆಫ್. ಪ್ರಶಸ್ತಿ ಕೊಡೋ ಪ್ರೆಸೆಂಟೇಷನ್ ಬೇಡ, ಎಕ್ಸ್‌ಪರ್ಟ್‌ಗಳ ಚರ್ಚೆಯಂತೂ ಬೇಡವೇ ಬೇಡ. ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಮರುದಿನ ಕೆಲಸ ಮುಗಿದ ಮೇಲೆ ಸ್ಕೋರ್‌ಕಾರ್ಡ್ ತೆರೆದು ಬಾಲ್ ಬೈ ಬಾಲ್ ಕಾಮೆಂಟರಿ ನಿಧಾನಕ್ಕೆ ಓದಿ. ನನಗೆ ಕ್ರಿಕ್‌ಇನ್ಫೋ ವೆಬ್‌ಸೈಟ್ ಇಷ್ಟ, ಹಳೇ ಪಂದ್ಯಗಳ ಕಾಮೆಂಟರಿಯೂ ಸಿಗುತ್ತದೆ. ಹೈಲೈಟ್ಸ್ ಮಾತ್ರ ನೋಡಬೇಡಿ. ಅದರಲ್ಲಿ ವಿಕೆಟ್ ಬಿದ್ದ ಬಾಲ್ ಇರುತ್ತೆ, ಬ್ಯಾಟಿನ ಪಕ್ಕ ಸುಮ್ನೆ ಹಾದುಹೋದ ಬಾಲ್‌ಗಳು ಇರಲ್ಲ. ಹಾಗಾಗಿ ಎಲ್ಲರೂ ಕಣ್ಮುಚ್ಚಿ ಆಡಿ ಔಟಾದರು ಅನ್ನಿಸುತ್ತೆ.

ಆಸ್ಟ್ರೇಲಿಯಾ ಎದುರಿನ ಅಡಿಲೇಡ್ ಟೆಸ್ಟ್ ನೆನಪಿದೆಯಲ್ಲ? 2020ರ ಡಿಸೆಂಬರ್ 19. ಎರಡನೇ ಇನಿಂಗ್ಸ್‌ನಲ್ಲಿ ನಮ್ಮದು ಬರೀ 36 ರನ್. ಒಬ್ಬರೂ ಎರಡಂಕಿ ಮುಟ್ಟಲಿಲ್ಲ, ಮಯಾಂಕ್ ಅಗರ್ವಾಲ್ ಅವರ 9 ರನ್ನೇ ಟಾಪ್ ಸ್ಕೋರ್. ಅವರ ಬೌಲರ್ ಹೇಜಲ್‌ವುಡ್ 8 ರನ್ನಿಗೆ 5 ವಿಕೆಟ್. ಆ ದಿನ ಎಲ್ಲರೂ ಟೀಮನ್ನೇ ಕಿತ್ತುಹಾಕಿ ಅಂತಿದ್ದರು. ಆದರೆ ಸ್ಕೋರ್‌ಕಾರ್ಡ್ ಮೇಲಿನಿಂದ ಓದಿ: ಮೊದಲ ಇನಿಂಗ್ಸ್‌ನಲ್ಲಿ ನಮ್ಮದು 244, ಅವರದು 191. ಅಂದರೆ 53 ರನ್ ಮುನ್ನಡೆ ನಮ್ಮದೇ! ಎರಡನೇ ಇನಿಂಗ್ಸ್‌ನಲ್ಲಿ ಅಂಚು ಸವರಿ ಕೀಪರ್ ಕೈ ಸೇರಿದ ಬಾಲ್‌ಗಳೇ ಜಾಸ್ತಿ. ಇನ್ನೊಂದು ದಿನ ಅದೇ ಬಾಲ್ ಬ್ಯಾಟಿಗೆ ತಾಗದೇ ಹೋಗುತ್ತೆ. ಟೀಮ್ ಕೆಟ್ಟಿರಲಿಲ್ಲ, ಒಂದು ಗಂಟೆ ಕೆಟ್ಟಿತ್ತು. ಆಮೇಲೆ ಕೊಹ್ಲಿ ಮಗುವಿನ ಜನನಕ್ಕೆ ಮನೆಗೆ ಹೋದರು, ಗಾಯಾಳುಗಳ ಸಾಲು ಬೆಳೆಯಿತು. ಆದರೂ ಮೆಲ್ಬರ್ನ್‌ನಲ್ಲಿ ರಹಾನೆ ಶತಕ ಹೊಡೆದು ಗೆಲ್ಲಿಸಿದರು. ಸಿಡ್ನಿಯಲ್ಲಿ ವಿಹಾರಿ ಎಳೆದ ಸ್ನಾಯು ಇಟ್ಟುಕೊಂಡೇ 161 ಬಾಲ್ ನಿಂತರು. ಜನವರಿ 19ಕ್ಕೆ, ಸರಿಯಾಗಿ ಒಂದು ತಿಂಗಳಿಗೆ, 1988ರಿಂದ ಆಸ್ಟ್ರೇಲಿಯಾ ಟೆಸ್ಟ್ ಸೋಲದಿದ್ದ ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ 328 ಚೇಸ್ ಮಾಡಿ ಸರಣಿ 2-1ರಿಂದ ಗೆದ್ದೆವು. ಇನ್ಮೇಲೆ ನೋಡಲ್ಲ ಅಂದವರು ಪಂತ್ ಹೊಡೆದ ಆ 89 ತಪ್ಪಿಸಿಕೊಂಡರು.

ಪ್ರತಿ ಸಲ ಹೀಗೇ ತಿರುಗಿ ಬರುತ್ತೆ ಅಂತಲ್ಲ ಮತ್ತೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಸ್ಕೋರ್‌ಕಾರ್ಡ್ ಎಷ್ಟು ಸಲ ಓದಿದರೂ ನೋವು ಹಾಗೇ ಇದೆ. ಸತತ ಹತ್ತು ಗೆಲುವು, ಕೊನೆಯ ದಿನ 240ಕ್ಕೆ ಆಲೌಟ್, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137. ಅಂಥದ್ದಕ್ಕೆ ಅತ್ತುಬಿಡಿ, ತಪ್ಪೇನಿಲ್ಲ. ಬೇಜಾರು ಬೇರೆ, ಬೈಗುಳ ಬೇರೆ.

ಈ ಬೈಯೋ ವಿಷಯಕ್ಕೆ ನಿಮ್ಮ ಮೇಲೆ ನಿಜವಾಗಿ ಕೋಪ ಇದೆ. 2021ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಎದುರು ಹತ್ತು ವಿಕೆಟ್‌ನಿಂದ ಸೋತೆವು. ಹತ್ತು ವಿಕೆಟ್ ಅಂದರೆ ನಮ್ಮ ಯಾವ ಬೌಲರಿಗೂ ಒಂದೂ ಸಿಗಲಿಲ್ಲ ಅಂತ ತಾನೇ? ಆದರೂ ಜನ ಮುಗಿಬಿದ್ದದ್ದು ಶಮಿ ಒಬ್ಬರ ಮೇಲೆ. ಅದೇ ಶಮಿ 2023ರ ವಿಶ್ವಕಪ್‌ನಲ್ಲಿ 24 ವಿಕೆಟ್ ತೆಗೆದರು, ಟೂರ್ನಿಯಲ್ಲೇ ಅತಿ ಹೆಚ್ಚು. ನೀವು ಬೈದು ಹಾಕಿದ ಆ ಕಾಮೆಂಟ್ ಇವತ್ತೇ ಅಳಿಸಿ. ಕ್ಯಾಚ್ ಬಿಟ್ಟ ಆ ಹುಡುಗನೂ ನಿದ್ದೆ ಮಾಡಿರಲ್ಲ.

ಇನ್ನು ಸಣ್ಣಪುಟ್ಟದ್ದು. ಗುಂಪು ಬಿಡಬೇಡಿ, ಪಂದ್ಯದ ದಿನ ಮ್ಯೂಟ್ ಮಾಡಿ ಸಾಕು. ಎರಡೂ ಟೀಮಿನ ಆಟಗಾರರನ್ನು ಆರಿಸಿ ಪಾಯಿಂಟ್ ಗಳಿಸೋ ಫ್ಯಾಂಟಸಿ ಆ್ಯಪ್‌ಗಳು ನನಗೆ ಒಂದೂ ಹಿಡಿಸಲ್ಲ, ಯಾವ ಕಂಪನಿಯದ್ದಾದರೂ ಅಷ್ಟೇ. ನಿಮ್ಮ ಟೀಮ್ ಗೆದ್ದರೂ ನೀವು ಆರಿಸಿದ ಎದುರಾಳಿ ಬೌಲರಿಗೆ ವಿಕೆಟ್ ಬೀಳಲಿಲ್ಲ ಅಂತ ಕೊರಗೋ ಹಾಗೆ ಮಾಡಿಬಿಡುತ್ತವೆ. ಎದುರು ಟೀಮಿನ ಅಭಿಮಾನಿ ಗೆಳೆಯರಿದ್ದರೆ ಸೋತ ರಾತ್ರಿ ‘ಚೆನ್ನಾಗಿ ಆಡಿದಿರಿ’ ಅಂತ ಒಂದು ಸಾಲು ಕಳಿಸಿ, ಕೆಣಕೋ ಮೆಸೇಜ್ ಅಲ್ಲಿಗೇ ನಿಲ್ಲುತ್ತೆ. ಮನೆಯಲ್ಲಿ ಮಕ್ಕಳು ಜೊತೆಗೆ ಕೂತು ನೋಡುತ್ತಿದ್ದರೆ ರಿಮೋಟ್ ಎಸೆಯೋದು, ರೇಗೋದು ಎಲ್ಲ ಬಂದ್. ಆಗಲ್ಲ ಅನ್ನಿಸಿದರೆ ಕೊನೆಯ ಐದು ಓವರ್ ಬಿಟ್ಟು ಹೊರಗೆ ಒಂದು ಸುತ್ತು ನಡೆದು ಬನ್ನಿ, ರಿಸಲ್ಟ್ ಆಮೇಲೆ ನೋಡಿದರಾಯಿತು.